‘ರೋಗ ತಡೆಗಟ್ಟುವ ಸಿ.ಟಿ. ಸ್ಕ್ಯಾನ್’ ಎನ್ನಬಹುದೇ? ‘ಸ್ಕ್ರೀನಿಂಗ್’ಗೆ ಯಾವ ಪದ?

ಬಳಗದ ಎಲ್ಲರಿಗೂ ನಮಸ್ಕಾರ.

ಯಾವ ಲಕ್ಷಣವೂ ಇಲ್ಲದವರು ಮುನ್ನೆಚ್ಚರಿಕೆಗೆಂದು ಮಾಡಿಸಿಕೊಳ್ಳುವ ಸಿ.ಟಿ. ಸ್ಕ್ಯಾನ್ (ಇಂಥ ಪರೀಕ್ಷೆಗೆ ಇಂಗ್ಲಿಷಿನಲ್ಲಿ ‘ಸ್ಕ್ರೀನಿಂಗ್’ ಎನ್ನುತ್ತಾರೆ) ಕುರಿತ ಲೇಖನವೊಂದನ್ನು ತಿದ್ದುತ್ತಿದ್ದೇನೆ. ಮೊದಲ ಪುಟದಲ್ಲಿ ಅದು ‘ರೋಗ ತಡೆಗಟ್ಟುವ ಸ್ಕ್ಯಾನ್’. ಸ್ವಲ್ಪ ಮುಂದೆ ‘ಮುಂಜಾಗ್ರತಾ ತಪಾಸಣೆ’ ಆಗುತ್ತದೆ, ಕೊನೆಗೆ ‘ರೋಗನಿರ್ಣಯ ಪರೀಕ್ಷೆ’ಯೂ ಆಗುತ್ತದೆ. ಮೂರರ ಅರ್ಥವೂ ಬೇರೆ. ಓದುವವರು ಯಾವ ಅರ್ಥ ಹಿಡಿಯುತ್ತಾರೋ ಅದನ್ನು ನಂಬಿ ಸ್ಕ್ಯಾನ್ ಕೊಠಡಿಗೆ ಹೋಗುತ್ತಾರೆ, ಅಥವಾ ಹೋಗದೆ ಉಳಿಯುತ್ತಾರೆ. ಆದ್ದರಿಂದ ಇದನ್ನು ಸುಮ್ಮನೆ ಬಿಡಲು ಮನಸ್ಸಾಗುತ್ತಿಲ್ಲ.

‘ತಡೆಗಟ್ಟು’ ಎಂದರೆ ಬರಲಿರುವುದನ್ನು ಬಾರದಂತೆ ಮಾಡುವುದು. ಲಸಿಕೆ ದಡಾರವನ್ನು ತಡೆಗಟ್ಟುತ್ತದೆ ಎಂದರೆ ಯಾರಿಗೂ ಅನುಮಾನವಿಲ್ಲ. ಸಿ.ಟಿ. ಯಂತ್ರ ಹಾಗಲ್ಲ. ಎಕ್ಸ್‌ಕಿರಣಗಳನ್ನು ಸುತ್ತಲಿಂದಲೂ ಹಾಯಿಸಿ, ದೇಹದ ಅಡ್ಡಸೀಳುಗಳ ಚಿತ್ರ ಕೊಡುತ್ತದೆ. ಒಳಗೆ ಆಗಲೇ ಇರುವುದನ್ನಷ್ಟೇ ಅದು ತೋರಿಸಬಲ್ಲದು. ವೈದ್ಯಶಾಸ್ತ್ರದಲ್ಲಿ ತಡೆಗೆ ಹಂತಗಳಿವೆ, ಬೇಗ ಪತ್ತೆಹಚ್ಚುವುದು ಎರಡನೆಯ ಹಂತದ ತಡೆ ಎಂದು ಯಾರಾದರೂ ಹೇಳಬಹುದು. ನಿಜವೇ. ಆದರೆ ಅದು ಶಾಸ್ತ್ರದ ಒಳಗಿನ ಪರಿಭಾಷೆ. ಮನೆಮಾತಿನ ‘ತಡೆಗಟ್ಟು’ ಆ ಭಾರ ಹೊರುವುದಿಲ್ಲ. ‘ತಡೆಗಟ್ಟುವ ಸ್ಕ್ಯಾನ್ ಮಾಡಿಸಿಕೊಂಡಿದ್ದೇನೆ’ ಎನ್ನುವವರು ಇನ್ನು ಆ ಕಾಯಿಲೆ ನನಗೆ ಬಾರದು ಎಂದು ತಿಳಿಯುವ ಅಪಾಯವಿದೆ. ಬೀಡಿ ಸಿಗರೇಟು ಬಿಡುವುದು ಶ್ವಾಸಕೋಶದ ಕ್ಯಾನ್ಸರನ್ನು ಎಷ್ಟೋ ಮಟ್ಟಿಗೆ ತಡೆಯುತ್ತದೆ. ಸ್ಕ್ಯಾನ್ ಅದರ ಬದಲಿಗೆ ನಿಲ್ಲಲಾರದು.

ಪೂರ್ತಿ ತಳ್ಳಿಹಾಕುವಂತೆಯೂ ಇಲ್ಲ. ದೊಡ್ಡಕರುಳಿನ ಸಿ.ಟಿ.ಯಲ್ಲಿ ಪಾಲಿಪ್ (ಕರುಳಿನ ಒಳಗೋಡೆಯ ಸಣ್ಣ ಬೆಳವಣಿಗೆ) ಕಂಡು, ಅದು ಕ್ಯಾನ್ಸರ್ ಆಗುವ ಮೊದಲೇ ಕೊಲೊನೋಸ್ಕೋಪಿಯಲ್ಲಿ, ಅಂದರೆ ಕರುಳಿನೊಳಗೆ ಕ್ಯಾಮೆರಾ ಇರುವ ಕೊಳವೆ ಹಾಯಿಸಿ, ತೆಗೆದರೆ ರೋಗ ತಡೆದಂತೆಯೇ ಆಯಿತು. ಹೃದಯದ ರಕ್ತನಾಳಗಳಲ್ಲಿ ಕೂತ ಕ್ಯಾಲ್ಸಿಯಂ ಅಳೆಯುವ ಸಿ.ಟಿ. ನೋಡಿ ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಶುರುಮಾಡಿದರೆ ಹೃದಯಾಘಾತದ ಸಂಭವ ತಗ್ಗುತ್ತದೆ. ಅಲ್ಲಿಯೂ ತಡೆಯುವುದು ಆಮೇಲಿನ ಚಿಕಿತ್ಸೆ, ಚಿತ್ರವಲ್ಲ.

‘ಸ್ಕ್ಯಾನಿಂಗ್’ ಎಂಬ ಮಾತೂ ತೊಡಕಿನದೇ. ಬಸುರಿಯ ಅಲ್ಟ್ರಾಸೌಂಡ್, ಎಂ.ಆರ್.ಐ., ಸಿ.ಟಿ. ಎಲ್ಲಕ್ಕೂ ನಾವು ಅದೇ ಪದ ಬಳಸುತ್ತೇವೆ. ಮೊದಲೆರಡರಲ್ಲಿ ಎಕ್ಸ್‌ಕಿರಣವಿಲ್ಲ, ಸಿ.ಟಿ.ಯಲ್ಲಿ ಇದೆ. ಎದೆಯ ಒಂದು ಎಕ್ಸ್‌ರೇಗೆ ಸುಮಾರು 0.1 ಮಿಲಿಸೀವರ್ಟ್ ವಿಕಿರಣವಾದರೆ, ಕಡಿಮೆ ಪ್ರಮಾಣದ ಎದೆ ಸಿ.ಟಿ.ಗೆ ಸುಮಾರು 1.5, ಸಾಮಾನ್ಯ ಎದೆ ಸಿ.ಟಿ.ಗೆ ಅದರ ಹಲವು ಪಟ್ಟು. ಹಾಗಾಗಿ ಸಿ.ಟಿ. ಎಂಬ ಎರಡಕ್ಷರವನ್ನು ಎಲ್ಲೂ ಬಿಡಬಾರದು ಎಂದು ನನ್ನ ಅಭಿಪ್ರಾಯ. ‘ಕಡಿಮೆ ಪ್ರಮಾಣದ’ ಎನ್ನುವಾಗ ‘ಕಡಿಮೆ ವಿಕಿರಣದ’ ಎಂದೇ ಬರೆಯೋಣ, ಇಲ್ಲದಿದ್ದರೆ ಯಾವುದರ ಪ್ರಮಾಣ ಎಂದು ಗೊತ್ತಾಗುವುದಿಲ್ಲ.

ಈಗ ನನ್ನ ಮುಖ್ಯ ಪ್ರಶ್ನೆ, ‘ಸ್ಕ್ರೀನಿಂಗ್’. ಇದನ್ನು ‘ರೋಗನಿರ್ಣಯ’ ಎಂದರೆ ಖಂಡಿತ ತಪ್ಪು. ನಿರ್ಣಯ ಎಂದರೆ ತೀರ್ಪು. ಸ್ಕ್ರೀನಿಂಗ್ ತೀರ್ಪು ಕೊಡುವುದಿಲ್ಲ, ಯಾರನ್ನು ಇನ್ನೂ ಪರೀಕ್ಷಿಸಬೇಕು ಎಂದು ಬೇರೆ ಮಾಡುತ್ತದೆ, ಅಷ್ಟೇ. ಅಮೆರಿಕದ ರಾಷ್ಟ್ರೀಯ ಶ್ವಾಸಕೋಶ ಸ್ಕ್ರೀನಿಂಗ್ ಅಧ್ಯಯನದ ಫಲಿತಾಂಶ 2011ರಲ್ಲಿ ಪ್ರಕಟವಾಯಿತು. 55ರಿಂದ 74 ವಯಸ್ಸಿನ, ಬಹಳ ಧೂಮಪಾನ ಮಾಡಿದ 53 ಸಾವಿರಕ್ಕೂ ಹೆಚ್ಚು ಜನ ಅದರಲ್ಲಿದ್ದರು. ಎದೆಯ ಎಕ್ಸ್‌ರೇ ಮಾಡಿಸಿಕೊಂಡವರಿಗೆ ಹೋಲಿಸಿದರೆ, ಕಡಿಮೆ ವಿಕಿರಣದ ಸಿ.ಟಿ. ಮಾಡಿಸಿಕೊಂಡವರಲ್ಲಿ ಶ್ವಾಸಕೋಶದ ಕ್ಯಾನ್ಸರಿನ ಸಾವು ಶೇ. 20ರಷ್ಟು ಕಡಿಮೆ ಇತ್ತು. ಅದು ದೊಡ್ಡ ಸಾಧನೆ. ಅದೇ ಅಧ್ಯಯನದಲ್ಲಿ ಮೂರು ಸುತ್ತಿನ ಸಿ.ಟಿ.ಗಳಲ್ಲಿ ಸುಮಾರು ಶೇ. 24 ‘ಪಾಸಿಟಿವ್’ ಬಂದವು, ಮತ್ತು ಅವುಗಳಲ್ಲಿ ಶೇ. 96ಕ್ಕೂ ಹೆಚ್ಚು ಕ್ಯಾನ್ಸರ್ ಆಗಿರಲಿಲ್ಲ. ಇಂಥ ಪರೀಕ್ಷೆಗೆ ‘ನಿರ್ಣಯ’ ಎಂದು ಹೆಸರಿಟ್ಟರೆ ಅಷ್ಟು ಮಂದಿಯ ನಿದ್ದೆ ಕೆಡಿಸಿದಂತೆ.

ನನಗೆ ಹೊಳೆದ ಒಂದು ದಾರಿ ‘ಶೋಧಿಸು’. ಕನ್ನಡದಲ್ಲಿ ಅದಕ್ಕೆ ಹುಡುಕು ಎಂಬ ಅರ್ಥವೂ ಇದೆ, ಸೋಸು, ಜರಡಿ ಹಿಡಿ ಎಂಬ ಅರ್ಥವೂ ಇದೆ. ಸ್ಕ್ರೀನಿಂಗಿಗೆ ಎರಡೂ ಒಪ್ಪುತ್ತವೆ. ಆದರೆ ‘ಶೋಧ’ ಎಂದೊಡನೆ ಪೊಲೀಸರ ಶೋಧ ನೆನಪಾಗುತ್ತದೆ, ‘ಶೋಧನೆ’ಗೆ ಕನ್ನಡ ಬೈಬಲಿನಲ್ಲಿ ಪ್ರಲೋಭನೆ ಎಂಬ ಬೇರೆಯೇ ಅರ್ಥವಿದೆ. ಹಾಗಾಗಿ ‘ಜರಡಿ ತಪಾಸಣೆ’ ಎಂದರೆ ಹೇಗೆ? ಜರಡಿಯಲ್ಲಿ ಉಳಿದದ್ದೆಲ್ಲ ಕಲ್ಲಲ್ಲ, ಕೆಳಗೆ ಬಿದ್ದದ್ದರಲ್ಲಿ ಕಲ್ಲೇ ಇಲ್ಲವೆಂದೂ ಅಲ್ಲ. ಪರೀಕ್ಷೆಯ ಎರಡೂ ಮಿತಿಗಳು ಹೆಸರಿನಲ್ಲೇ ಕಾಣುತ್ತವೆ. ಬರೀ ‘ತಪಾಸಣೆ’ ಸಾಲದು, ನೋವಿದೆ ಎಂದು ಹೋದವರಿಗೆ ಮಾಡುವುದೂ ತಪಾಸಣೆಯೇ.

ಸ್ಕ್ಯಾನ್ ವರದಿಯ ಭಾಷೆಯಲ್ಲಿ ಇನ್ನೊಂದು ತೊಂದರೆ. ‘ನಾಡ್ಯೂಲ್’ ಎಂದಿದ್ದುದನ್ನು ಲೇಖನ ‘ಗೆಡ್ಡೆ’ ಮಾಡಿದೆ. ಗೆಡ್ಡೆ ಎಂದರೆ ನಮ್ಮ ಕಿವಿಗೆ ಕ್ಯಾನ್ಸರೇ. ಶ್ವಾಸಕೋಶದಲ್ಲಿ ಕೆಲವೇ ಮಿಲಿಮೀಟರಿನ ಇಂಥವು ಎಷ್ಟೋ ಜನರಲ್ಲಿ ಇರುತ್ತವೆ, ಬಹುಪಾಲು ಹಳೆಯ ಸೋಂಕಿನ ಕಲೆಗಳು. ‘ಸಣ್ಣ ಗಂಟು’ ಸಾಕಲ್ಲವೇ?

ರೋಗವಿಲ್ಲದೆಯೂ ‘ಪಾಸಿಟಿವ್’ ಬರುವ ‘ಫಾಲ್ಸ್ ಪಾಸಿಟಿವ್’ಗೆ ‘ಹುಸಿ ಪಾಸಿಟಿವ್’ ಚೆನ್ನಾಗಿಯೇ ಕೂರುತ್ತದೆ. ನಾನು ಸಿಕ್ಕಿಕೊಂಡಿರುವುದು ‘ಓವರ್‌ಡಯಾಗ್ನೋಸಿಸ್’ನಲ್ಲಿ. ದಕ್ಷಿಣ ಕೊರಿಯಾದಲ್ಲಿ ಆರೋಗ್ಯವಂತರಿಗೂ ಥೈರಾಯ್ಡಿನ ಅಲ್ಟ್ರಾಸೌಂಡ್ ಮಾಡುವುದು ವ್ಯಾಪಕವಾದ ಮೇಲೆ, 2011ರ ಹೊತ್ತಿಗೆ ಥೈರಾಯ್ಡ್ ಕ್ಯಾನ್ಸರಿನ ಪತ್ತೆ 1993ರ ಸುಮಾರು 15 ಪಟ್ಟು ಆಯಿತು. ಸಾವಿನ ಪ್ರಮಾಣ ಬದಲಾಗಲಿಲ್ಲ. ಸಿಕ್ಕಿದ್ದು ನಿಜವಾದ ಕ್ಯಾನ್ಸರೇ, ಆದರೆ ಅದರಲ್ಲಿ ಹೆಚ್ಚಿನದು ಆ ಜನರಿಗೆ ಬದುಕಿರುವಷ್ಟು ಕಾಲ ತೊಂದರೆ ಕೊಡುತ್ತಿರಲಿಲ್ಲ. ಆದರೂ ಅನೇಕರು ಶಸ್ತ್ರಚಿಕಿತ್ಸೆಗೆ ಒಳಗಾದರು, ಗ್ರಂಥಿ ತೆಗೆಸಿಕೊಂಡವರು ಜೀವನಪೂರ್ತಿ ಮಾತ್ರೆ ನುಂಗಬೇಕಾಯಿತು. ಇದಕ್ಕೆ ‘ಹುಸಿ’ ಸಲ್ಲದು. ‘ತಪ್ಪು ನಿರ್ಣಯ’ವೂ ಅಲ್ಲ, ವೈದ್ಯರು ತಪ್ಪಿಲ್ಲ. ‘ಅತಿಪತ್ತೆ’ ಎಂದು ಸದ್ಯಕ್ಕೆ ಬರೆದಿಟ್ಟಿದ್ದೇನೆ, ತೃಪ್ತಿಯಿಲ್ಲ.

ಲೇಖನದ ಶೀರ್ಷಿಕೆಗೆ ‘ಲಕ್ಷಣವಿಲ್ಲದವರಿಗೆ ಸಿ.ಟಿ. ಜರಡಿ ತಪಾಸಣೆ’ ಎಂದು ಯೋಚಿಸಿದ್ದೇನೆ. ಉದ್ದವಾಯಿತು, ಆದರೆ ಯಾರಿಗೆ ಎಂಬುದನ್ನು ಬಿಡಲಾರೆ. ಅಮೆರಿಕದಲ್ಲಿ 2021ರಿಂದ ಶ್ವಾಸಕೋಶದ ಈ ಸಿ.ಟಿ.ಯನ್ನು ಸಲಹೆ ಮಾಡಿರುವುದು 50ರಿಂದ 80 ವಯಸ್ಸಿನವರಿಗೆ. ಅವರು ದಿನಕ್ಕೊಂದು ಪ್ಯಾಕಿನಂತೆ 20 ವರ್ಷದಷ್ಟು ಸೇದಿರಬೇಕು, ಈಗಲೂ ಸೇದುತ್ತಿರಬೇಕು ಅಥವಾ ಬಿಟ್ಟು 15 ವರ್ಷದೊಳಗಾಗಿರಬೇಕು. ಎಲ್ಲರಿಗೂ ಅಲ್ಲ. ಇಡೀ ದೇಹದ ಸಿ.ಟಿ.ಯಿಂದ ಲಕ್ಷಣವಿಲ್ಲದವರಿಗೆ ಹಾನಿಗಿಂತ ಹೆಚ್ಚು ಲಾಭವಿದೆ ಎಂಬುದಕ್ಕೆ ಪುರಾವೆ ಇಲ್ಲವೆಂದು ಅಲ್ಲಿನ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆ ಹೇಳುತ್ತದೆ.

ಬಳಗದಲ್ಲಿ ವೈದ್ಯರಿದ್ದರೆ, ರೋಗಿಗಳ ಜೊತೆ ಮಾತಾಡುವಾಗ ‘ಸ್ಕ್ರೀನಿಂಗ್’, ‘ಓವರ್‌ಡಯಾಗ್ನೋಸಿಸ್’ ಎರಡಕ್ಕೂ ಏನು ಹೇಳುತ್ತೀರಿ ಎಂದು ದಯವಿಟ್ಟು ತಿಳಿಸಿ. ‘ಜರಡಿ’ ಹಗುರವೆನಿಸಿದರೆ, ಅದಕ್ಕಿಂತ ಒಳ್ಳೆಯ ಪದ ಯಾವುದೆಂದೂ ಬರೆಯಿರಿ.