ಎಐಎಸ್‌ಎಚ್‌ಇ (ಕೇಂದ್ರ ಸರ್ಕಾರದ ಉನ್ನತ ಶಿಕ್ಷಣ ಸರ್ವೆ) ಡೇಟಾ ನಾವೇ ತುಂಬೋದಾ ಹೊರಗೆ ಕೊಡೋದಾ? ಅನುಭವ ಇದ್ದೋರು ಹೇಳಿ

ಹಾಸನ ಎಸ್‌ಡಿಎ: ನಮಸ್ಕಾರ. ಏಡೆಡ್ ಡಿಗ್ರಿ ಕಾಲೇಜು, 612 ಮಕ್ಕಳು. ಡಿಸಿಎಫ್-2 (ಕಾಲೇಜುಗಳು ತುಂಬೋ ಸರ್ವೆ ಫಾರ್ಮ್) ತುಂಬೋದು ಈ ಸಲ ನನ್ನ ತಲೆಗೆ ಬಂದಿದೆ. ಪ್ರಿನ್ಸಿಪಾಲ್ರು ಸೈಬರ್ ಸೆಂಟರಿಗೆ ಕೊಟ್ಬಿಡಿ ಅಂತಾರೆ. ನಂಗೆ ಭಯ. ಏನ್ ಮಾಡ್ಲಿ?

ಅರಸೀಕೆರೆ ಎಫ್‌ಡಿಎ: ಹೊರಗೆ ಮಾತ್ರ ಕೊಡ್ಬೇಡಿ, ನಾವು ಕೊಟ್ಟು ಕೆಟ್ವಿ. 4,500 ತಗೊಂಡ. ಅಲ್ಪಸಂಖ್ಯಾತರು, ಅಂಗವಿಕಲರ ಲೆಕ್ಕ ಒಟ್ಟು ಸಂಖ್ಯೆ ಒಳಗೇ ಬರೋದು, ಅವನು ಅದನ್ನ ಬೇರೆ ಅಂದ್ಕೊಂಡು ಕೂಡಿಸಿ 540 ಮಕ್ಕಳನ್ನ 631 ಮಾಡಿ ಫೈನಲ್ ಸಬ್ಮಿಟ್ ಒತ್ತಿಬಿಟ್ಟ. ಅನ್‌ಲಾಕ್ ಮಾಡಿಸೋಕೆ ಲೆಟರ್ ಹಿಡ್ಕೊಂಡು ಮೂರು ಸಲ ಓಡಾಡ್ದೆ, ಬಸ್ ಚಾರ್ಜು ಊಟ ಸೇರಿ 1,140 ನನ್ನ ಕೈಯಿಂದ್ಲೇ ಹೋಯ್ತು, ಊಟದ ಬಿಲ್ ಇಲ್ಲ ಅಂತ ಆಫೀಸಲ್ಲಿ ಒಂದ್ ಪೈಸೆ ಕೊಡ್ಲಿಲ್ಲ. ಇವತ್ತಿಗೂ ಹೊಟ್ಟೆ ಉರಿಯುತ್ತೆ.

ಮೂಡಿಗೆರೆ ಲೈಬ್ರರಿಯನ್: ನಾನು 2014ರಿಂದ ಒಬ್ಳೇ ತುಂಬ್ತಿದೀನಿ, ಒಂದು ವರ್ಷನೂ ವಾಪಸ್ ಬಂದಿಲ್ಲ. ಮೊದ್ಲು ಪಿಡಿಎಫ್ ಫಾರ್ಮ್ ಇಳಿಸ್ಕೊಂಡು ಕರೆಂಟ್ ಇದ್ದಾಗ ತುಂಬಿಟ್ಕೋಬಹುದಿತ್ತು. 2020-21ರ ಸರ್ವೆಯಿಂದ ವೆಬ್ ಡಿಸಿಎಫ್, ಆನ್‌ಲೈನಲ್ಲೇ ಕೂರ್ಬೇಕು. ಒಂದ್ ವರ್ಷ ಮಳೇಲಿ ಮರ ಬಿದ್ದು ಮೂರು ದಿನ ಕರೆಂಟಿಲ್ಲ, ಯುಪಿಎಸ್ಸೂ ಸತ್ತೋಯ್ತು, ನಮ್ಮನೆಯವರ ಜೀಪಲ್ಲಿ ಚಿಕ್ಕಮಗಳೂರಿಗೆ ಹೋಗಿ ತಂಗಿ ಮನೇಲಿ ರಾತ್ರಿ ಒಂದೂವರೆಗೆ ಮುಗಿಸ್ದೆ. ಡೇಟಾ ತುಂಬಿದ್ದಕ್ಕೆ ಬಂದ ಆ ವರ್ಷದ ಸರ್ಟಿಫಿಕೇಟ್ ನನ್ ಟೇಬಲ್ ಗಾಜಿನ ಕೆಳಗಿದೆ. ಪ್ರವರ್ಗ 1, 2ಎ, 2ಬಿ, 3ಎ, 3ಬಿ ಎಲ್ಲಾ ಒಬಿಸಿಗೆ ಹಾಕಿ, ಅಷ್ಟೇ.

ಕಡೂರು ಗುಮಾಸ್ತ: ಅಷ್ಟೇ ಅಂದ್ರೆ ಹೆಂಗೆ ಮೇಡಂ? ರಾಜ್ಯದ ಪಟ್ಟಿ ಬೇರೆ, ಕೇಂದ್ರದ ಒಬಿಸಿ ಪಟ್ಟಿ ಬೇರೆ. ನಾನು ಎರಡು ವಾರ ಕೂತು 388 ಜಾತಿ ಸರ್ಟಿಫಿಕೇಟ್ ಒಂದೊಂದಾಗಿ ತಾಳೆ ನೋಡಿದೀನಿ. ನೀವು ಕಣ್ಣು ಮುಚ್ಕೊಂಡು ಹಾಕಿದ್ದನ್ನ ಹೊಸಬರಿಗೂ ಹೇಳ್ಕೊಡ್ತೀರ.

ಮೂಡಿಗೆರೆ ಲೈಬ್ರರಿಯನ್: ಕಣ್ಣು ಮುಚ್ಕೊಂಡಲ್ಲ ಸರ್. ನಿಮ್ಮ ಆಫೀಸಲ್ಲಿ ಎಷ್ಟು ಜನ ಇದೀರೋ ಗೊತ್ತಿಲ್ಲ, ಇಲ್ಲಿ ಪುಸ್ತಕ ಕೊಡೋದೂ ನಾನೇ, ಇದನ್ನ ತುಂಬೋದೂ ನಾನೇ.

ಬೇಲೂರು: ನೀವೆಲ್ಲ ಬರೀ ತಲೆ ಎಣಿಸೋದಕ್ಕೇ ಇಷ್ಟು ಜಗಳ ಆಡ್ತೀರ, ಅಪಾರ್ ಐಡಿ (ಆಧಾರ್ ಜೊತೆ ತಾಳೆ ನೋಡಿ ಪ್ರತಿ ವಿದ್ಯಾರ್ಥಿಗೂ ಕೊಡೋ ಕಾಯಂ ನಂಬರು) ಮಾಡ್ಸಿ ನೋಡಿ. ಎಸ್‌ಎಸ್‌ಎಲ್‌ಸಿ ಕಾರ್ಡಲ್ಲಿ ಇನಿಷಿಯಲ್, ಆಧಾರಲ್ಲಿ ಅಪ್ಪನ ಪೂರ್ತಿ ಹೆಸರು. 73 ಮಕ್ಕಳದ್ದು ಮ್ಯಾಚ್ ಆಗ್ಲಿಲ್ಲ. ಆಧಾರಲ್ಲಿ ಹೆಸರು ತಿದ್ಸೋಕೆ ಎರಡೇ ಅವಕಾಶ, ಒಂದು ಹುಡುಗಿದು ಎರಡೂ ಮುಗಿದೋಗಿತ್ತು. ಅವಳಪ್ಪ ತೋಟದ ಕೂಲಿ, ಹೋದಾಗೆಲ್ಲ ಆಗಿನ 50 ರೂಪಾಯಿ ಫೀಸು, ಮೇಲೆ ಒಂದು ದಿನದ ಸಂಬಳ ಹೋಯ್ತು. ನನ್ನೆದುರಿಗೇ ಅತ್ತುಬಿಟ್ರು.

ಅರಸೀಕೆರೆ ಎಫ್‌ಡಿಎ: ಅವರು ಕೇಳಿದ್ದು ಅಪಾರ್ ಅಲ್ಲ. ಅಂದಹಾಗೆ ನೋಡಲ್ ಆಫೀಸರ್ ಅಂತ ಹೆಸರು ಲೆಕ್ಚರರ್‌ದು, ರಾತ್ರಿ ಕೂರೋದು ನಾವು.

ಹೊಳೆನರಸೀಪುರ ಲೆಕ್ಚರರ್: ಮಾತು ಹಿಡಿತದಲ್ಲಿರಲಿ. ನಾನು ನೋಡಲ್ ಆಫೀಸರೇ. ನಾಲ್ಕು ವರ್ಷದ ಎನ್‌ಇಪಿ ಬ್ಯಾಚು, 2024-25ರಿಂದ ಮತ್ತೆ ಮೂರು ವರ್ಷದ ಡಿಗ್ರಿ, ಎರಡನ್ನೂ ಬೇರೆ ಬೇರೆ ಮಾಡಿ ತುಂಬಿದ್ದು ನಾನು. ನಮ್ಮ ಆಫೀಸಿನವರು ಅಡ್ಮಿಷನ್ ರಿಜಿಸ್ಟರ್ ಕೊಡೋಕೇ ಒಂಬತ್ತು ದಿನ ತಗೊಂಡ್ರು.

ಅರಸೀಕೆರೆ ಎಫ್‌ಡಿಎ: ಕೊಟ್ರಲ್ಲ? ನಮ್ಮಲ್ಲಿ ಅತಿಥಿ ಉಪನ್ಯಾಸಕರ ಡೀಟೇಲ್ಸ್ ಇನ್ನೂ ನಿಮ್ಮೋರಿಂದ ಬಂದಿಲ್ಲ.

ಹಾಸನ ಎಸ್‌ಡಿಎ: ಸರ್, ಮೇಡಂ, ನಾನೇ ತುಂಬ್ತೀನಿ, ಸೋಮವಾರ ರಿಜಿಸ್ಟರ್ ಬೀರುವಿಂದ ಇಳಿಸ್ತೀನಿ. 3ಎ ಮಕ್ಕಳೇ 204 ಇದಾರೆ, ಕಡೂರು ಸರ್, ನೀವು ತಾಳೆ ನೋಡಿದ ಪಟ್ಟಿ ಕಳಿಸ್ತೀರಾ?

ಕಡೂರು ಗುಮಾಸ್ತ: ಕಳಿಸ್ತೀನಿ. ಮೂಡಿಗೆರೆ ಮೇಡಮ್ಮಿಗೂ ಕಳಿಸ್ಲಾ?

ಮೂಡಿಗೆರೆ ಲೈಬ್ರರಿಯನ್: ಬೇಡ.