ಹೆಸರು ಹಿಡಿದು ಬೇಡಿಕೊಳ್ಳಿ: ಪೆರ್ಲದ ದೊಡ್ಡಪ್ಪನ ಧ್ವನಿಸಂದೇಶ

ಮಗಳೇ, ದೇವರು ಒಳ್ಳೆಯದು ಮಾಡಲಿ. ನೀನು ಬೆಳಿಗ್ಗೆ ಗುಂಪಿನಲ್ಲಿ ಬರೆದದ್ದನ್ನು ನಿನ್ನ ದೊಡ್ಡಮ್ಮ ಈಗಷ್ಟೇ ಓದಿ ಹೇಳಿದಳು. ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸು ಕಾಲದ ನಲವತ್ತು ದಿನವೂ ಧರ್ಮಸಭೆಗಳಿಗಾಗಿ ಮತ್ತು ಪ್ರಕೃತಿಗಾಗಿ ದಿನಕ್ಕೊಂದು ಪ್ರಾರ್ಥನೆ ಬರೆದು ವಾರ್ಡಿನವರಿಗೆಲ್ಲ ಕಳುಹಿಸುವ ಕೆಲಸವನ್ನು ವಾರ್ಡಿನ ಮುಖಂಡರಾದ ಗುರಿಕಾರರು ನಿನಗೆ ಒಪ್ಪಿಸಿದ್ದಾರೆ. ಆರನೆಯ ದಿನಕ್ಕೇ ಮಾತು ಮುಗಿಯಿತು ಎನ್ನುತ್ತೀಯ. ಇತ್ತ ಮೂಲಮನೆಯಲ್ಲಿ ನೀರಿಗಾಗಿ ಗುಡ್ಡದೊಳಗೆ ಅಗೆದ ಸುರಂಗದ ನೀರು ಫೆಬ್ರವರಿಯಲ್ಲೇ ಕಿರುಬೆರಳಿನಷ್ಟಾಗಿದೆ, ನಿನ್ನ ಅಣ್ಣ ಕೊಳವೆಬಾವಿ ಕೊರೆಸೋಣ ಎಂದು ಹೊರಟಿದ್ದಾನೆ. ‘ದಿನವೂ ನೀರಿಗಾಗಿ ಪ್ರಾರ್ಥಿಸುತ್ತೇವೆ, ಆದರೂ ಹೀಗೆ. ದೇವರಿಗೆ ಕೇಳಿಸುತ್ತಿದೆಯೇ ದೊಡ್ಡಪ್ಪ?’ ಎಂದು ಕೇಳಿದ್ದೀಯ. ಅದನ್ನು ಕೇಳಿದ ಮೇಲೆ ನನಗೆ ಊಟ ಸೇರಲಿಲ್ಲ. ಬರೆಯಲು ಕಣ್ಣು ಸಾಲದು, ಮಾತಿನಲ್ಲೇ ಹೇಳುತ್ತೇನೆ. ಉದ್ದವಾಗುತ್ತದೆ. ಎಲ್ಲರೂ ಕೊನೆಯವರೆಗೆ ಕೇಳಿ, ಮುಖ್ಯವಾಗಿ ನಿನ್ನ ಅಣ್ಣ ಕೇಳಲಿ.

ಕಾಸರಗೋಡು ಜಿಲ್ಲೆಯ ಈ ಪೆರ್ಲದಲ್ಲಿರುವ ನನ್ನ ಜಾಗದ ಸುರಂಗ ನಿಮಗೆಲ್ಲ ಗೊತ್ತಲ್ಲ. ಸಣ್ಣವರಿದ್ದಾಗ ಅದರ ಬಾಯಿಯ ಹತ್ತಿರ ನಿಂತು ಕೂಗಿ, ಒಳಗಿನಿಂದ ಬಾವಲಿಗಳು ಹೊರಬಂದಾಗ ಓಡಿದವರು ನೀವೇ. ಅದನ್ನು ಅಗೆಸಿದ್ದು ನನ್ನ ಮಾವ. ಅರುವತ್ತು ಕೋಲು ಉದ್ದ, ಒಬ್ಬ ಮನುಷ್ಯ ಬೆನ್ನು ಬಗ್ಗಿಸಿ ಹೋಗುವಷ್ಟು ಎತ್ತರ. ಒಬ್ಬ ಒಳಗೆ ಕುಳಿತು ಪಿಕಾಸಿಯಿಂದ ಮುರಕಲ್ಲು ಕೆತ್ತುವುದು, ಇನ್ನೊಬ್ಬ ಬುಟ್ಟಿಯಲ್ಲಿ ಮಣ್ಣು ಎಳೆದು ಹೊರಗೆ ಹಾಕುವುದು. ಫೆಬ್ರವರಿ 2ರ ಹಬ್ಬದಲ್ಲಿ ಇಗರ್ಜಿಯಲ್ಲಿ ಮಂತ್ರಿಸಿ ಕೊಟ್ಟ ಮೇಣದಬತ್ತಿಯ ತುಂಡನ್ನು ಮಾವ ಅಗೆಯುವವರ ಕೈಗೆ ಕೊಡುತ್ತಿದ್ದರಂತೆ. ಬೆಳಕಿಗೂ ಆಯಿತು, ಗಾಳಿ ನೋಡುವುದಕ್ಕೂ ಆಯಿತು. ಬತ್ತಿ ಮಂಕಾದರೆ ಉಸಿರಾಡುವ ಗಾಳಿ ಕಡಿಮೆ ಎಂದು ಅರ್ಥ, ಕೂಡಲೇ ಹೊರಗೆ ಬರಬೇಕು. ಎರಡು ಬೇಸಗೆ ಕೆಲಸ ನಡೆದ ಮೇಲೆ ನೀರು ಸಿಕ್ಕಿತು. ಆ ನೀರು ಅಡಿಕೆ ಮರ ಸೀಳಿ ಮಾಡಿದ ದಂಬೆಯಲ್ಲಿ ಹರಿದು ನಮ್ಮ ಮಣ್ಣಿನ ತೊಟ್ಟಿಗೆ ಬೀಳುತ್ತಿತ್ತು, ತೊಟ್ಟಿ ತುಂಬಿದ ಮೇಲೆ ಕೆಳಗಿನ ಮನೆಯವರ ಕೆರೆಗೆ ಇಳಿಯುತ್ತಿತ್ತು. ಪಂಪು ಇಲ್ಲ, ವಿದ್ಯುತ್ ಇಲ್ಲ, ಹಗಲು ರಾತ್ರಿ ಒಂದೇ ಸದ್ದು. ಸಂಜೆ ಜಪಸರ ಮಾಡುವಾಗ ಹಿಂದಿನಿಂದ ಆ ಸದ್ದು ಕೇಳುತ್ತಿತ್ತು.

1996ರ ಏಪ್ರಿಲಿನಲ್ಲಿ ನಾನು ಸುರಂಗದ ಮೇಲಿನ ಮುರಕಲ್ಲಿನ ಪಾರೆಯಲ್ಲಿ ಬೋರು ಕೊರೆಸಿದೆ. ಆಗ ಅಡಿಕೆಗೆ ಬೆಲೆ ಇತ್ತು, ಇನ್ನೂ ಇನ್ನೂರು ಸಸಿ ನೆಡುವ ಆಸೆ ಇತ್ತು. ಯಾರೂ ನನ್ನನ್ನು ಒತ್ತಾಯಿಸಲಿಲ್ಲ. ಲಾರಿ ಸಂಜೆ ಬಂದಿತು, ರಾತ್ರಿಯಿಡೀ ಕೊರೆಯಿತು. ಬೆಳಿಗ್ಗೆ ನೋಡಿದರೆ ತೋಟದ ಸೋಗೆಗಳ ಮೇಲೆಲ್ಲ ಬೂದು ಬಣ್ಣದ ಕಲ್ಲಿನ ಪುಡಿ ಕುಳಿತಿತ್ತು, ವಿಭೂತಿ ಬುಧವಾರದಂದು ಹಣೆಗೆ ಹಚ್ಚುವ ಬೂದಿಯ ಹಾಗೆ. 280 ಅಡಿಗೆ ನೀರು ಚಿಮ್ಮಿದಾಗ ನಾವು ಕುಣಿದೆವು. ಸಂಜೆ ಜಪಸರದ ಕೊನೆಗೆ ದೇವರಿಗೆ ಕೃತಜ್ಞತೆ ಹೇಳಿದವನೂ ನಾನೇ.

ಮೊದಲ ವರ್ಷ ಏನೂ ಆಗಲಿಲ್ಲ. ಎರಡನೆಯ ಬೇಸಗೆಯಲ್ಲಿ ದಂಬೆಯ ನೀರು ನೂಲಿನಂತಾಯಿತು. ಮೂರನೆಯ ಬೇಸಗೆಯ ಮಾರ್ಚಿನಲ್ಲಿ ನಿಂತೇಹೋಯಿತು. ನಮಗೆ ತಿಳಿಯುವ ಮೊದಲೇ ಕೆಳಗಿನ ಮನೆಯವರ ಕೆರೆಯ ತಳ ಬಿರುಕು ಬಿಟ್ಟಿತ್ತು. ಅವರ ಅಜ್ಜಿ ಕೊಡಪಾನ ಹಿಡಿದುಕೊಂಡು ನಮ್ಮ ನಲ್ಲಿಗೆ ಬರುವುದಕ್ಕೆ ಶುರು ಮಾಡಿದರು. ‘ನೀವು ಬೋರು ಹಾಕಿ ನಮ್ಮ ನೀರು ಹೋಯಿತು’ ಎಂದು ಒಂದು ದಿನವೂ ಹೇಳಲಿಲ್ಲ. ಹೇಳಿದ್ದರೆ ಜಗಳವಾಡಿ ಮರೆತುಬಿಡುತ್ತಿದ್ದೆನೋ ಏನೋ.

ಒಂದು ಸಂಜೆ ನಾವು ಜಗಲಿಯಲ್ಲಿ ಮೊಣಕಾಲೂರಿ ಜಪಸರ ಮಾಡುತ್ತಿದ್ದೆವು. ಕೊನೆಯ ಬೇಡಿಕೆಗಳನ್ನು ನಾನು ಹೇಳುತ್ತಿದ್ದೆ. ‘ಸಕಲ ಧರ್ಮಸಭೆಗಳಿಗಾಗಿ, ಸಕಲ ಮನುಷ್ಯರಿಗಾಗಿ, ಸಕಲ ಸೃಷ್ಟಿಗಾಗಿ.’ ಹೀಗೆ ಹೇಳುತ್ತ ಕಣ್ಣು ತೆರೆದೆ. ಅಜ್ಜಿ ಅಂಗಳದ ತುದಿಯಲ್ಲಿ, ಖಾಲಿ ಕೊಡಪಾನವನ್ನು ಸೊಂಟಕ್ಕಿಟ್ಟುಕೊಂಡು, ನಮ್ಮ ಪ್ರಾರ್ಥನೆ ಮುಗಿಯಲೆಂದು ಕಾಯುತ್ತ ನಿಂತಿದ್ದರು. ನಡುವೆ ಮಾತನಾಡಿಸಬಾರದೆಂಬ ಮರ್ಯಾದೆ ಅವರಿಗೆ. ಅವರ ಹೆಸರು ನನ್ನ ಬಾಯಿಗೆ ಬಂದಿರಲಿಲ್ಲ. ಸುರಂಗದ ಹೆಸರೂ ಬಂದಿರಲಿಲ್ಲ. ಮೂರು ವರ್ಷ ದಿನವೂ ‘ಸಕಲ ಸೃಷ್ಟಿ’ ಎಂದಿದ್ದೇನೆ, ಆ ಮೂರು ವರ್ಷವೂ ಬೋರಿನ ಗುಂಡಿ ಒತ್ತಿದ್ದೇನೆ. ಎರಡೂ ಒಂದೇ ಕೈ. ಮತ್ತೆ ಆರು ವರ್ಷಕ್ಕೆ ಬೋರಿನಲ್ಲೂ ಗಾಳಿ ಬಂದಿತು, ಅದು ಬೇರೆ ಮಾತು.

ಆದ್ದರಿಂದ ಹೇಳುತ್ತೇನೆ ಮಗಳೇ, ಹೆಸರು ಹಿಡಿಯದೆ ಪ್ರಾರ್ಥನೆ ಬರೆಯಬೇಡ. ‘ಎಲ್ಲರಿಗಾಗಿ’ ಎಂದು ಒಂದು ಸಾಲಿನಲ್ಲಿ ಮುಗಿಸಬೇಡ. ಹೊಳೆಯಾದರೆ ಯಾವ ಹೊಳೆ, ಸಭೆಯಾದರೆ ಯಾವ ಊರಿನ ಸಭೆ, ಮನೆಯಾದರೆ ಯಾರ ಮನೆ, ಅದನ್ನು ಹೇಳು. ನಿನ್ನ ಅಣ್ಣನಿಗೂ ಹೇಳುತ್ತಿದ್ದೇನೆ, ಲಾರಿಗೆ ಮುಂಗಡ ಕೊಡಬೇಡ. ಕೊಟ್ಟಿದ್ದರೆ ಬಿಟ್ಟುಬಿಡು, ಆ ಹಣ ನಾನು ಕೊಡುತ್ತೇನೆ.

ಹೆಸರು ಹೇಳದಿದ್ದರೆ ಏನಾಗುತ್ತದೆ ಎಂದು ಈ ಊರಿಗಿಂತ ಚೆನ್ನಾಗಿ ಬೇರೆ ಯಾರಿಗೆ ಗೊತ್ತು? ಎಪ್ಪತ್ತರ ದಶಕದ ಕೊನೆಯಿಂದ 2000ದವರೆಗೆ ಗೇರು ಗುಡ್ಡಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿಯುತ್ತಿದ್ದಾಗ, ಪಡ್ರೆ, ಸ್ವರ್ಗ ಎಂಬ ಊರುಗಳಲ್ಲಿ ಮಕ್ಕಳು ಹೇಗೆ ಹುಟ್ಟುತ್ತಿದ್ದರು ಎಂದು ನಾವು ಕಣ್ಣಾರೆ ನೋಡಿದವರು. ಆಗಲೂ ನಾವು ‘ರೋಗಿಗಳಿಗಾಗಿ’ ಎಂದು ಪ್ರಾರ್ಥಿಸಿದೆವು. ಆ ವಿಷದ ಹೆಸರು ನಮ್ಮ ಪ್ರಾರ್ಥನೆಯಲ್ಲಿ ಬರಲೇ ಇಲ್ಲ. ಹೊರಗಿನವರು ಬಂದು ಬರೆದರು, ವೈದ್ಯರು ಕೂಗಿ ಹೇಳಿದರು, 2011ರ ಮೇ 13ರಂದು ಸುಪ್ರೀಂ ಕೋರ್ಟು ತಡೆ ಹಾಕಿತು. ಅಷ್ಟು ವರ್ಷ ನಮ್ಮ ಬಾಯಲ್ಲಿ ‘ರೋಗಿಗಳು’ ಎಂಬ ಒಂದೇ ಪದ ಇತ್ತು. ಇದನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಈಗ ತಿಳಿಯಿತೇ ನಾನು ಏಕೆ ಇಷ್ಟು ಒತ್ತಿ ಹೇಳುತ್ತೇನೆ ಎಂದು? ಇನ್ನೊಮ್ಮೆ ಹೇಳುತ್ತೇನೆ. ಹೆಸರು ಹಿಡಿದು ಬೇಡಿಕೊಳ್ಳಿ. ಹೆಸರು ಹೇಳಿದ ಮೇಲೆ ಆ ಹೊಳೆಗೆ ಕಸ ಎಸೆಯಲು, ಆ ಮನೆಯವರ ನೀರು ಕಸಿಯಲು ಕೈ ಬರುವುದಿಲ್ಲ. ಬಂದರೆ ನಾಲಿಗೆ ನಡುಗುತ್ತದೆ. ಮತ್ತೆ, ಬೋರು ಬೇಡ.

ಈ ಮಾತನ್ನು ನಾನು ದೊಡ್ಡವರ ಮುಂದೆಯೂ ಹೇಳಿದವನು. ಒಂದು ಇಗರ್ಜಿಯ ಸಭೆ, ಯಾವುದು ಎಂದು ಕೇಳಬೇಡಿ. ಅಂಗಳಕ್ಕೆ ಇಂಟರ್‌ಲಾಕ್ ಹಾಕುವ ಚರ್ಚೆ ನಡೆಯುತ್ತಿತ್ತು. ನಾನು ಎದ್ದು ನಿಂತು ಹೇಳಿದೆ, ಸ್ವಾಮಿ, ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು ಮೂರೂವರೆ ಸಾವಿರ ಮಿಲಿಮೀಟರ್ ಮಳೆ ಬೀಳುತ್ತದೆ. ಇಗರ್ಜಿಯ ಮಾಡಿನ, ಅಂದರೆ ಛಾವಣಿಯ, ಒಂದೊಂದು ಚದರ ಮೀಟರಿಗೂ ಮೂರೂವರೆ ಸಾವಿರ ಲೀಟರ್ ನೀರು. ಇಷ್ಟು ದೊಡ್ಡ ಮಾಡಿನ ನೀರನ್ನು ರಸ್ತೆಗೆ ಬಿಟ್ಟು ಮೇ ತಿಂಗಳಲ್ಲಿ ಟ್ಯಾಂಕರಿಗೆ ಹಣ ಕೊಡುತ್ತೇವೆ. ಎರಡು ಇಂಗುಗುಂಡಿ ತೋಡೋಣ, ಅಂಗಳದ ಮಾವಿನ ಮರ ಉಳಿಸೋಣ. ‘ಅದು ಪಂಚಾಯತಿನ ಕೆಲಸ, ನೀವು ಕುಳಿತುಕೊಳ್ಳಿ’ ಎಂದರು. ಕುಳಿತೆ. ಮರ ಹೋಯಿತು. ಅದೇ ಅಂಗಳದಲ್ಲಿ ಮರುವರ್ಷ ಪರಿಸರಕ್ಕಾಗಿ ಪ್ರಾರ್ಥನೆ ಎಂದು ಬ್ಯಾನರ್ ಕಟ್ಟಿದರು, ಪ್ಲಾಸ್ಟಿಕ್ ಬ್ಯಾನರ್. ನನಗೆ ಎಪ್ಪತ್ತಾರು ವರ್ಷ, ಆ ನೋವು ಇನ್ನೂ ಹೋಗಿಲ್ಲ.

ಮರಿಯಮ್ಮನ ಹುಟ್ಟುಹಬ್ಬವಾದ ಮೊಂತಿ ಹಬ್ಬವನ್ನೇ ನೋಡಿ. ಸೆಪ್ಟೆಂಬರ್ 8ರಂದು ನಮ್ಮ ಹಿರಿಯರು ತಮ್ಮದೇ ಗದ್ದೆಯ ಹೊಸ ತೆನೆ ತಂದು ಮಂತ್ರಿಸಿಕೊಳ್ಳುತ್ತಿದ್ದರು. ಒಂಬತ್ತು ದಿನ ಮಕ್ಕಳು ತೋಡಿನ ಬದಿಯ ಹೂ ಕೊಯ್ದು ತಂದು ಕನ್ಯಾ ಮರಿಯಮ್ಮನಿಗೆ ಹಾಕುತ್ತಿದ್ದರು. ತೆನೆಯ ಅಕ್ಕಿಯನ್ನು ಹಾಲಿಗೆ ಹಾಕಿ ಮನೆಮಂದಿಯೆಲ್ಲ ಕುಡಿದ ಮೇಲೆ ಊಟ. ಸಭೆಗಾಗಿ ಮತ್ತು ಮಣ್ಣಿಗಾಗಿ ಮಾಡುವ ಪ್ರಾರ್ಥನೆ ಬೇರೆ ಬೇರೆ ಎಂದು ಅವರಿಗೆ ಯಾರೂ ಕಲಿಸಿರಲಿಲ್ಲ. ಈಗ ತೆನೆ ಎಲ್ಲಿಂದಲೋ ಬರುತ್ತದೆ, ಹೂವು ಅಂಗಡಿಯಿಂದ ಬರುತ್ತದೆ. ಗದ್ದೆಗಳೆಲ್ಲ ಅಡಿಕೆ ತೋಟವಾದವು. ಹಾಗೆ ಮಾಡಿದವರಲ್ಲಿ ನಾನೂ ಒಬ್ಬ.

ನಮ್ಮನ್ನು ಕೇಳುವವರಾದರೂ ಯಾರು? ಮಂಗಳೂರಿನವರಿಗೆ ನಾವು ಕೇರಳದವರು, ಕೇರಳದವರಿಗೆ ನಾವು ಮಂಗಳೂರಿನವರು. ನಮ್ಮ ಊರು ಕೇರಳಕ್ಕೆ ಸೇರಿದ 1956ರ ನವೆಂಬರ್ 1ರಿಂದ ಇದೇ ಆಗಿದೆ. ನೀರಿನ ಬಗ್ಗೆ ಕಚೇರಿಯಿಂದ ಮಲಯಾಳಂನಲ್ಲಿ ಬರುವ ತಿಳಿವಳಿಕೆಯ ಹಾಳೆ ಓದಿ ಹೇಳಲು ನೆರೆಮನೆಯ ಹುಡುಗ ಬರಬೇಕು. ಅದಕ್ಕೇ ನೀನು ಕನ್ನಡದಲ್ಲಿ ಬರೆಯುತ್ತಿದ್ದೀಯ ಎಂದು ಕೇಳಿ ನನಗೆ ಸಂತೋಷವಾಯಿತು. ಮನೆಯಲ್ಲಿ ಕೊಂಕಣಿ, ಪೇಟೆಯಲ್ಲಿ ಮಲಯಾಳಂ, ತೋಟದಲ್ಲಿ ತುಳು ಇದ್ದರೂ, ಶಿವಮೊಗ್ಗದಿಂದ ಬಂದ ಸೊಸೆಯಂದಿರಿಗೂ ಬೆಂಗಳೂರಿನ ಮೊಮ್ಮಕ್ಕಳಿಗೂ ಓದಲು ಬರುವುದು ಅದೊಂದೇ.

ನಾನು ಏನು ಹೇಳಲು ಹೊರಟೆ? ಹೌದು, ನೀನು ಕೇಳಿದ್ದು, ದಿನವೂ ಏನು ಬರೆಯುವುದು ಎಂದು.

ಒಂದು ನೋಟ್‌ಬುಕ್ ತೆಗೆದುಕೋ. ನಮ್ಮ ಜಿಲ್ಲೆಯಲ್ಲಿ ಹನ್ನೆರಡು ಹೊಳೆಗಳಿವೆ. ಮಂಜೇಶ್ವರ, ಉಪ್ಪಳ, ಶಿರಿಯ, ಕುಂಬಳೆ, ಮೊಗ್ರಾಲ್, ಚಂದ್ರಗಿರಿ ಎಂದು ಎಣಿಸುತ್ತ ಹೋಗು, ಹನ್ನೆರಡು ದಿನ ಆಯಿತು. ಒಂದು ಹೊಳೆ, ಅದರ ದಂಡೆಯ ಒಂದು ಸಭೆ, ಎರಡನ್ನೂ ಒಂದೇ ದಿನಕ್ಕೆ ಜೋಡಿಸು. ಬೇಳದಲ್ಲಿ 1890ರಲ್ಲಿ ಆರಂಭವಾದ ಶೋಕಮಾತೆಯ ಇಗರ್ಜಿಗೆ ಒಂದು ದಿನ. ರಾಜಪುರದ ಕಡೆಗೆ 1943ರಲ್ಲಿ ತಿರುವಾಂಕೂರಿನಿಂದ ಗುಡ್ಡ ಹತ್ತಿ ಬಂದವರ ಸಭೆಗೆ ಒಂದು ದಿನ. ಅವರ ಹಾಡು ನಮಗೆ ಅರ್ಥವಾಗದಿದ್ದರೂ ಅವರು ನಮ್ಮವರು. ಸಿ.ಎಸ್.ಐ., ಅಂದರೆ ದಕ್ಷಿಣ ಭಾರತ ಸಭೆಯವರಿಗೆ ಒಂದು ದಿನ. ಸೃಷ್ಟಿಗಾಗಿ ಸೆಪ್ಟೆಂಬರ್ 1ರಂದು ಪ್ರಾರ್ಥಿಸೋಣ ಎಂದು 1989ರಲ್ಲಿ ಮೊದಲು ಕರೆ ಕೊಟ್ಟವರು ಆರ್ಥೊಡಾಕ್ಸ್ ಸಭೆಯ ಪಿತೃಪ್ರಧಾನ ದಿಮಿತ್ರಿಯೋಸರು. ಆಗಿನ ನಮ್ಮ ಜಗದ್ಗುರು ಪೋಪ್ ಫ್ರಾನ್ಸಿಸರು ಅದನ್ನು ನಮ್ಮ ಕಥೋಲಿಕ ಸಭೆಗೂ ತಂದದ್ದು 2015ರಲ್ಲಿ. ಆರ್ಥೊಡಾಕ್ಸ್ ಸಭೆಗೂ ಒಂದು ದಿನ ಕೊಡು. ಫ್ರಾನ್ಸಿಸರು ಸೃಷ್ಟಿಯ ಕಾಳಜಿಯ ಕುರಿತ ‘ಲೌದಾತೊ ಸಿ’ ಪತ್ರಕ್ಕೆ ಸಹಿ ಹಾಕಿದ್ದು ಅದೇ ವರ್ಷದ ಮೇ 24ರಂದು. ನಮ್ಮ ಜಿಲ್ಲೆ ಹುಟ್ಟಿದ್ದೂ ಮೇ 24ರಂದೇ, 1984ರಲ್ಲಿ. ಅದು ನನಗೆ ಬಹಳ ಇಷ್ಟದ ಸಂಗತಿ. ಆ ಪತ್ರದ ಕೊನೆಯಲ್ಲಿ ಎರಡು ಪ್ರಾರ್ಥನೆಗಳಿವೆ, ಒಂದು ಸೃಷ್ಟಿಕರ್ತನನ್ನು ನಂಬುವ ಯಾರೂ ಹೇಳಬಹುದಾದದ್ದು, ಇನ್ನೊಂದು ಕ್ರೈಸ್ತರದ್ದು. ಮೊದಲನೆಯದನ್ನು ನೆರೆಮನೆಯವರು ಬಂದ ದಿನ ಓದಿ.

ಉಳಿದ ದಿನಗಳಿಗೆ ಸುರಂಗ, ಪಾರೆ, ತೋಡು, ಬಾವಲಿ, ಎಂಡೋಸಲ್ಫಾನಿನಿಂದ ಮಲಗಿದ ಮಕ್ಕಳ ತಾಯಂದಿರು. ಪ್ರಾರ್ಥನೆ ನಾಲ್ಕು ಸಾಲು ಸಾಕು. ಕೃತಜ್ಞತೆ ಮೊದಲು, ಆಮೇಲೆ ನಮ್ಮ ತಪ್ಪು, ಆಮೇಲೆ ಬೇಡಿಕೆ, ಕೊನೆಗೆ ಆ ದಿನ ಕೈಯಿಂದ ಮಾಡುವ ಒಂದು ಕೆಲಸ. ಅದನ್ನು ಜಪಸರದ ಕೊನೆಯ ಭಾಗವಾದ ಐದನೆಯ ರಹಸ್ಯಕ್ಕೆ ಮೊದಲು ಓದಲು ಹೇಳು. ಕೊನೆಯಲ್ಲಿಟ್ಟರೆ ಮಕ್ಕಳು ಹಿರಿಯರ ಬೆಸಾಂವ್, ಅಂದರೆ ಆಶೀರ್ವಾದ, ಕೇಳಿ ಎದ್ದುಬಿಡುತ್ತಾರೆ.

ಸುರಂಗದ ವಿಷಯ. ನೀರು ಸಣ್ಣದಾದ ಕೂಡಲೇ ಅದು ಬತ್ತಿತು ಎಂದು ತಿಳಿಯಬೇಡಿ. ಒಳಗೆ ಮಣ್ಣು ಜರಿದು ಹರಿವು ಕಟ್ಟಿರಲೂಬಹುದು. ಸುರಂಗ ಬಲ್ಲ ಹಳೆಯ ಕೆಲಸದವರನ್ನು ಕರೆಸಿ, ಈ ಭಾನುವಾರದೊಳಗೆ ಹೂಳು ತೆಗೆಸಿ. ನಿನ್ನ ಅಣ್ಣ ಒಬ್ಬನೇ ಒಳಗೆ ಹೋಗಬಾರದು, ಮೇಣದಬತ್ತಿ ಇಲ್ಲದೆಯೂ ಹೋಗಬಾರದು, ಬತ್ತಿ ಮಂಕಾದರೆ ಮರಳಿ ಬರಬೇಕು. ಮೇಲಿನ ಗುಡ್ಡದಲ್ಲಿ ಮೇ ಕಳೆಯುವ ಮೊದಲು ಇಂಗುಗುಂಡಿ ತೋಡಿ, ಡಿಸೆಂಬರಿನಲ್ಲಿ ತೋಡಿಗೆ ಕಲ್ಲು ಮಣ್ಣಿನ ಕಟ್ಟ ಕಟ್ಟಿ. ಈ ಬೇಸಗೆಗೆ ನೀರು ಸಾಲದಿದ್ದರೆ ಹೊಸ ಸಸಿಗಳು ಬಾಡಲಿ, ಕುಡಿಯುವ ನೀರು ಮೊದಲು.

ಇವತ್ತಿನ ಪ್ರಾರ್ಥನೆಯನ್ನು ನೀನು ಇನ್ನೂ ಕಳುಹಿಸಿಲ್ಲ ಎಂದು ದೊಡ್ಡಮ್ಮ ಹೇಳುತ್ತಿದ್ದಾಳೆ. ಮೂಲಮನೆಯ ಸುರಂಗದ ನೀರು ನಿಮ್ಮ ತೊಟ್ಟಿ ದಾಟಿ ಯಾರ ಗದ್ದೆಗೆ ಹೋಗುತ್ತದೆ, ಹೋಗಿ ನೋಡಿಕೊಂಡು ಬಾ. ಮನೆಯಲ್ಲಿ ಯಾರು ಯಾರಿದ್ದಾರೆ ಎಂದು ಕೇಳು. ಆ ಹೆಸರುಗಳನ್ನು ಬರೆದು ಏಳು ಗಂಟೆಯೊಳಗೆ ಗುಂಪಿಗೆ ಹಾಕು, ನಾವು ಇಲ್ಲಿ ಜಪಸರಕ್ಕೆ ಕುಳಿತುಕೊಳ್ಳುವ ಮೊದಲು.