ಸಹಾಯ ಬೇಕು: ಘಾಟಿ ಇಳಿಯುವಾಗ ಕಾರಿನ ಹೀಟರ್ ತಣ್ಣಗಾಗುತ್ತದೆ

ಎಲ್ಲರಿಗೂ ನಮಸ್ಕಾರ. ನಮ್ಮದು ಮಡಿಕೇರಿ. ಕಾರು ಹಳೆಯ ಡೀಸೆಲ್, ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಈ ಚಳಿಯಲ್ಲಿ ಪೇಟೆಯೊಳಗೆ ನಿಧಾನಕ್ಕೆ ಹೋಗುವಾಗ ಹೀಟರ್‌ನಿಂದ ಚೆನ್ನಾಗಿ ಬಿಸಿ ಗಾಳಿ ಬರುತ್ತದೆ. ಸಂಪಾಜೆ ಘಾಟಿ ಇಳಿಯೋಕೆ ಶುರು ಮಾಡಿದರೆ ಸಾಕು, ಗಾಳಿ ತಣ್ಣಗೆ, ಟೆಂಪರೇಚರ್ ಮುಳ್ಳೂ ಕೆಳಗೆ. ಇಳಿಜಾರಿನಲ್ಲಿ ಡೀಸೆಲ್ ಎಂಜಿನ್ ಸ್ವಲ್ಪ ತಣ್ಣಗಾಗುವುದು ಸಹಜ, ಒಪ್ಪಿದೆ. ಆದರೆ ಸುಳ್ಯದ ಕಡೆ ಸಮತಟ್ಟು ರಸ್ತೆಯಲ್ಲೂ ಮುಳ್ಳು ಮೇಲೇಳಲ್ಲ.

ಕೂಲೆಂಟ್ (ಎಂಜಿನ್ ತಣ್ಣಗಿಡುವ ದ್ರವ) ತುಂಬಿದೆ, ಅದರ ಪೈಪ್‌ಗಳಲ್ಲಿ ಸೇರಿಕೊಂಡ ಗಾಳಿಯನ್ನೂ ತೆಗೆಸಿದ್ದೇನೆ. ಗಾಜಿಗೆ ಮಂಜು ಕಟ್ಟಿದರೆ ಎಸಿ ಹಾಕಿ, ಹೊರಗಿನ ಗಾಳಿ ಬಿಟ್ಟುಕೊಂಡು ಹೇಗೋ ನಿಭಾಯಿಸಬಹುದು. ಹಿಂದೆ ಕೂತ ಅಮ್ಮನಿಗೆ ಮಾತ್ರ ಕಾಲು ಮರಗಟ್ಟುತ್ತದೆ.

ಗ್ಯಾರೇಜಿನವರು ಹೀಟರ್ ಕೋರ್ (ಬಿಸಿ ಕೂಲೆಂಟ್ ಹರಿದು ಒಳಗಿನ ಗಾಳಿ ಬಿಸಿ ಮಾಡುವ ಪುಟ್ಟ ರೇಡಿಯೇಟರ್) ಕಟ್ಟಿಕೊಂಡಿದೆ, ಡ್ಯಾಶ್‌ಬೋರ್ಡ್ ಬಿಚ್ಚಬೇಕು ಅಂತಾರೆ. ಹಾಗಿದ್ದರೆ ಕೋರ್‌ಗೆ ಹೋಗುವ ಪೈಪ್ ಬಿಸಿ, ವಾಪಸ್ ಬರೋದು ತಣ್ಣಗೆ ಇರಬೇಕಲ್ವಾ? ಮುಟ್ಟಿ ನೋಡಿದರೆ ಎರಡೂ ಒಂದೇ ಥರ ಉಗುರುಬೆಚ್ಚಗಿವೆ. ನನ್ನ ಅನುಮಾನ ಥರ್ಮೋಸ್ಟಾಟ್ ಮೇಲೆ, ಅಂದರೆ ಎಂಜಿನ್ ಬಿಸಿಯಾಗುವವರೆಗೆ ಕೂಲೆಂಟ್ ರೇಡಿಯೇಟರ್‌ಗೆ ಹೋಗದಂತೆ ತಡೆಯುವ ವಾಲ್ವ್ ಮೇಲೆ. ‘ನಮ್ಮೂರಿಗೆ ಇದು ಬೇಡ ಸಾರ್’ ಅಂತ ಅದನ್ನು ಕಿತ್ತು ಬಿಸಾಡುವ ಮೆಕ್ಯಾನಿಕ್‌ಗಳೂ ಇದ್ದಾರಲ್ಲ!

ಥರ್ಮೋಸ್ಟಾಟ್ ಇಲ್ಲವೇ ಇಲ್ಲವಾ ಅಥವಾ ತೆರೆದ ಹಾಗೇ ಸಿಕ್ಕಿಕೊಂಡಿದೆಯಾ ಅಂತ ಬಿಚ್ಚದೆ ತಿಳಿಯೋದು ಹೇಗೆ? ಬೆಳಗ್ಗೆ ತಣ್ಣನೆಯ ಎಂಜಿನ್ ಸ್ಟಾರ್ಟ್ ಮಾಡಿದಾಗ, ರೇಡಿಯೇಟರ್‌ನ ಮೇಲಿನ ಪೈಪ್ ಶುರುವಿನಿಂದಲೇ ಬೆಚ್ಚಗಾಗುತ್ತಾ ಬಂದರೆ ಅಷ್ಟು ಸಾಕಾ, ಬೇರೆ ಏನಾದರೂ ನೋಡಬೇಕಾ?